ಬೇವಿಗೆ ಹಬ್ಬಿದ ಅಮೃತಬಳ್ಳಿಗೆ ಬೇವಿನ ಗುಣ ಬರುತ್ತದೆಯೇ? ಬಳ್ಳಿ, ಮರಗಳ ಒಳಗೆ ಬದುಕುವ ಶಿಲೀಂಧ್ರಗಳ ಕಥೆ

ಹಡಗಲಿಯಿಂದ ಮಾಗಳದ ಕಡೆಗೆ, ತುಂಗಭದ್ರೆಯ ದಂಡೆಯತ್ತ ಹೋಗುವಾಗ ಹೊಲದ ಬದುಗಳಲ್ಲಿ ಬೇವಿನ ಮರಗಳು ಕಾಣುತ್ತವೆ. ಈ ಭಾಗದಲ್ಲಿ ಎಷ್ಟು ದೊಡ್ಡ ಮರವನ್ನೂ 'ಬೇವಿನ ಗಿಡ' ಎಂದೇ ಕರೆಯುವುದು. ಕೆಲವಕ್ಕೆ ಹೃದಯದ ಆಕಾರದ ಎಲೆಯ ಅಮೃತಬಳ್ಳಿ ಹಬ್ಬಿರುತ್ತದೆ, ಕೊಂಬೆಗಳಿಂದ ದಾರದಂಥ ಬೇರುಗಳು ನೆಲದ ಕಡೆಗೆ ಜೋತುಬಿದ್ದಿರುತ್ತವೆ. ಇಂಥ ಬಳ್ಳಿಯ ಬಗ್ಗೆ ಎರಡು ಮಾತುಗಳು ಚಾಲ್ತಿಯಲ್ಲಿವೆ. ಬೇವಿಗೆ ಹಬ್ಬಿದ ಅಮೃತಬಳ್ಳಿಯೇ ಶ್ರೇಷ್ಠ, ಅದು ಬೇವಿನ ಗುಣವನ್ನೂ ಹೀರಿಕೊಂಡಿರುತ್ತದೆ ಎನ್ನುವುದು ಮೊದಲನೆಯದು. ಬಳ್ಳಿ ಮರದ ಸತ್ವವನ್ನು ಹೀರುವುದರಿಂದಲೇ ಬೇವು ತುದಿಯಿಂದ ಒಣಗುತ್ತದೆ ಎನ್ನುವುದು ಎರಡನೆಯದು. ಮೊದಲ ಮಾತನ್ನು ನಂಬಿ ಜನ ಕಷಾಯ ಕುಡಿಯುತ್ತಾರೆ, 'ಬೇವಿನ ಮೇಲಿನ ಬಳ್ಳಿ' ಎಂಬ ಹೆಸರಿಗೆ ಹೆಚ್ಚು ದುಡ್ಡು ಕೊಡುತ್ತಾರೆ. ಎರಡನೆಯದನ್ನು ನಂಬಿದವರು ಬಳ್ಳಿಯನ್ನು ಬುಡದಲ್ಲೇ ಕಡಿಯುತ್ತಾರೆ.

ಎರಡೂ ಮಾತಿನಲ್ಲಿ ಬಳ್ಳಿ ಮರದಿಂದ ಏನನ್ನೋ ಎಳೆದುಕೊಳ್ಳುತ್ತದೆ ಎಂಬ ಒಂದೇ ಊಹೆ ಇದೆ. ಅದನ್ನು ಮೊದಲು ನೋಡೋಣ. ಆಮೇಲೆ ಕಣ್ಣಿಗೆ ಕಾಣದ ಮೂರನೆಯವರ ಬಳಿಗೆ ಬರೋಣ. ಬಳ್ಳಿಯ ಒಳಗೂ ಬೇವಿನ ಒಳಗೂ ಶಿಲೀಂಧ್ರಗಳು ಮನೆಮಾಡಿಕೊಂಡಿವೆ, ಈ ಪ್ರಶ್ನೆಯಲ್ಲಿ ಅವುಗಳ ಪಾಲು ಸಣ್ಣದಲ್ಲ.

ಹಬ್ಬುವುದು ಬೇರೆ, ಹೀರುವುದು ಬೇರೆ

ಅಮೃತಬಳ್ಳಿಗೆ ನೆಲದಲ್ಲಿ ತನ್ನದೇ ಬೇರಿದೆ. ಮರವನ್ನು ಅದು ಏಣಿಯ ಹಾಗೆ ಬಳಸುತ್ತದೆ, ಬಿಸಿಲಿಗೆ ಏರುವುದಷ್ಟೇ ಅದರ ಉದ್ದೇಶ. ಮೇಲಿನಿಂದ ಇಳಿಬಿಡುವ ದಾರಗಳು ಗಾಳಿಬೇರುಗಳು. ಅವು ಮರದ ತೊಗಟೆಯನ್ನು ಕೊರೆಯುವುದಿಲ್ಲ, ನೆಲವನ್ನು ಹುಡುಕಿಕೊಂಡು ಹೋಗುತ್ತವೆ. ಬುಡ ಕಡಿದರೂ ಬಳ್ಳಿ ಸಾಯದೆ, ಹೊಸ ಬೇರು ಬಿಟ್ಟು ಮತ್ತೆ ನೆಲ ಹಿಡಿಯುವುದು ಇದೇ ಶಕ್ತಿಯಿಂದ. ತಂತಿ ಬೇಲಿಯ ಮೇಲೆ, ಒಣಗಿದ ಕಂಬದ ಮೇಲೆ, ಮನೆಯ ಕಿಟಕಿಯ ಸರಳಿನ ಮೇಲೆ ಅಮೃತಬಳ್ಳಿ ಹುಲುಸಾಗಿ ಬೆಳೆಯುವುದನ್ನು ನಾವೆಲ್ಲ ನೋಡಿದ್ದೇವೆ. ಕಬ್ಬಿಣದ ಸರಳಿನಿಂದ ಅದು ಕಬ್ಬಿಣ ಹೀರುವುದಿಲ್ಲ.

ನಿಜವಾಗಿ ಹೀರುವ ಗಿಡಗಳು ಬೇರೆ ಇವೆ. ಮಾವು, ಬೇವುಗಳ ಕೊಂಬೆಯ ಮೇಲೆ ಗೊಂಚಲಾಗಿ ಬೆಳೆಯುವ ಬಂದಳಿಕೆ (ಬದನಿಕೆ ಎಂದೂ ಕರೆಯುತ್ತಾರೆ) ತನ್ನ ಬೇರಿನಂಥ ಅಂಗವನ್ನು ಮರದ ನೀರು ಹರಿಯುವ ಕೊಳವೆಗೇ ಚುಚ್ಚುತ್ತದೆ. ಹಾಗೆ ಚುಚ್ಚಿದಾಗ ಆಶ್ರಯ ಕೊಟ್ಟ ಗಿಡದ ರಾಸಾಯನಿಕಗಳೂ ಅದಕ್ಕೆ ದಾಟಬಲ್ಲವು. ಕಣಗಿಲೆಯ ಮೇಲೆ ಬೆಳೆದ ಬಂದಳಿಕೆಯಲ್ಲಿ ಕಣಗಿಲೆಯ ಹೃದಯ ವಿಷಗಳು ಸಿಕ್ಕ ವರದಿ 1961ರಷ್ಟು ಹಿಂದಿನದು. ಹಳದಿ ದಾರದಂತೆ ಬೇಲಿಯನ್ನು ಮುಚ್ಚುವ, ಎಲೆಯಿಲ್ಲದ ಆಕಾಶಬಳ್ಳಿಯೂ ಇದೇ ಜಾತಿಯ ಕಳ್ಳ. ಅದನ್ನು ಕೆಲವರು ಅಮರಬಳ್ಳಿ ಎನ್ನುತ್ತಾರೆ. ಅಮರಬಳ್ಳಿ, ಅಮೃತಬಳ್ಳಿ ಎಂಬ ಹೆಸರುಗಳು ಕಿವಿಗೆ ಒಂದೇ ತರಹ ಕೇಳುವುದರಿಂದ ಒಂದರ ಗುಣ ಇನ್ನೊಂದರ ತಲೆಗೆ ಬಂದಿದ್ದರೂ ಬಂದಿರಬಹುದು ಎಂಬುದು ನಮ್ಮ ಗುಮಾನಿ.

ಹಾಗಾದರೆ ಬೇವಿನ ರಸ ನೇರವಾಗಿ ಅಮೃತಬಳ್ಳಿಗೆ ಹರಿಯುವ ದಾರಿ ಇಲ್ಲ. ಇಲ್ಲಿಗೇ ನಿಲ್ಲಿಸಿ 'ಸುಳ್ಳು' ಎಂದು ಮುದ್ರೆ ಒತ್ತಬಹುದಿತ್ತು. ಆದರೆ ಗಿಡವೆಂದರೆ ಬರೀ ಗಿಡವಲ್ಲ.

ಎಲೆಯೊಳಗಿನ ಬಾಡಿಗೆದಾರರು

ರೋಗದ ಗುರುತೇ ಇಲ್ಲದ, ಹಸಿರಾಗಿ ನಳನಳಿಸುವ ಒಂದು ಎಲೆಯನ್ನು ಕಿತ್ತು ತನ್ನಿ. ಅದನ್ನು ಆಲ್ಕೋಹಾಲಿನಲ್ಲಿ, ಆಮೇಲೆ ಬಟ್ಟೆ ಬಿಳುಪಾಗಿಸುವ ಬ್ಲೀಚಿನಂಥ ದ್ರಾವಣದಲ್ಲಿ ಕೆಲವು ನಿಮಿಷ ಅದ್ದಿ, ಶುದ್ಧ ನೀರಿನಲ್ಲಿ ತೊಳೆದರೆ ಮೇಲ್ಮೈಯಲ್ಲಿ ಇದ್ದ ಜೀವಿಗಳೆಲ್ಲ ಸಾಯುತ್ತವೆ. ಈಗ ಎಲೆಯನ್ನು ಸಣ್ಣ ತುಂಡುಗಳಾಗಿ ಕತ್ತರಿಸಿ, ಆಲೂಗಡ್ಡೆಯ ಸಾರದಿಂದ ಮಾಡಿದ ಅಗರ್ ತಟ್ಟೆಯ ಮೇಲೆ ಇಟ್ಟು ಕಾಯಬೇಕು. ಕೆಲವು ದಿನಗಳಲ್ಲಿ ತುಂಡಿನ ಕತ್ತರಿಸಿದ ಅಂಚಿನಿಂದ ಬಿಳಿ, ಬೂದು, ಕಪ್ಪು, ಹಸಿರು ನೂಲುಗಳು ಹೊರಬರುತ್ತವೆ. ಎಲೆ ಬದುಕಿದ್ದಾಗ ಅದರ ಜೀವಕೋಶಗಳ ನಡುವೆ ಸದ್ದಿಲ್ಲದೆ ಇದ್ದ ಶಿಲೀಂಧ್ರಗಳು ಇವು. ಮೇಲ್ಮೈ ನಿಜಕ್ಕೂ ಶುದ್ಧವಾಗಿತ್ತೇ ಎಂದು ನೋಡಲು, ಕೊನೆಯಲ್ಲಿ ತೊಳೆದ ನೀರನ್ನೂ ಬೇರೆ ತಟ್ಟೆಗೆ ಹಾಕುತ್ತಾರೆ. ಅಲ್ಲಿ ಏನೂ ಬೆಳೆಯಬಾರದು.

ಗಿಡದ ಒಳಗೆ ಬದುಕುವ ಇಂಥ ಜೀವಿಗಳಿಗೆ ಎಂಡೋಫೈಟ್ ಎಂದು ಹೆಸರು. ಜರ್ಮನಿಯ ಸಸ್ಯವಿಜ್ಞಾನಿ ಆಂಟನ್ ಡಿ ಬಾರಿ 1866ರಲ್ಲೇ ಈ ಪದ ಬಳಸಿದ್ದ. ನಾವು ಇಲ್ಲಿ 'ಒಳವಾಸಿ' ಎನ್ನೋಣ. ಸ್ಕಾಟ್ಲೆಂಡಿನ ರೈನಿ ಎಂಬಲ್ಲಿ ಸಿಕ್ಕ ಸುಮಾರು 40 ಕೋಟಿ ವರ್ಷ ಹಳೆಯ ಗಿಡಗಳ ಪಳೆಯುಳಿಕೆಗಳ ಒಳಗೂ ಶಿಲೀಂಧ್ರದ ಎಳೆಗಳಿವೆ. ಅಂದರೆ ಗಿಡಗಳು ನೆಲಕ್ಕೆ ಬಂದ ಆರಂಭದ ದಿನಗಳಿಂದಲೂ ಈ ಸಹವಾಸ ಇದೆ.

ಇವು ಒಳಗೆ ಹೋಗುವುದು ಹೇಗೆ? ಮರಗಳಲ್ಲಿ ಚಿಗುರೆಲೆ ಹುಟ್ಟುವಾಗ ಹೆಚ್ಚುಕಡಿಮೆ ಖಾಲಿ ಇರುತ್ತದೆ. ಗಾಳಿಯಲ್ಲಿ, ಮಳೆಹನಿಯಲ್ಲಿ ಬಂದ ಬೀಜಕಣಗಳು ತೇವದ ಎಲೆಯ ಮೇಲೆ ಮೊಳೆತು ಒಳಗೆ ನುಸುಳುತ್ತವೆ. ಎಲೆ ಬಲಿತಂತೆ ಒಳವಾಸಿಗಳೂ ಹೆಚ್ಚುತ್ತವೆ. ಬಯಲುಸೀಮೆಯ ಒಣಹವೆಯಲ್ಲಿ ಮಳೆಗಾಲವೇ ಅವುಗಳ ಸುಗ್ಗಿ. ಕೆಲವು ಹುಲ್ಲುಗಳಲ್ಲಿ ಮಾತ್ರ ಶಿಲೀಂಧ್ರ ಬೀಜದ ಮೂಲಕವೇ ತಾಯಿಯಿಂದ ಮಗಳಿಗೆ ಹೋಗುತ್ತದೆ.

ಒಳಗಿದ್ದು ಏನು ಮಾಡುತ್ತವೆ ಎಂದರೆ, ಒಂದೇ ಉತ್ತರವಿಲ್ಲ. ಪನಾಮಾದಲ್ಲಿ ಎಲಿಜಬೆತ್ ಆರ್ನಾಲ್ಡ್ ಮತ್ತು ಸಂಗಡಿಗರು ಕೋಕೋ ಸಸಿಗಳ ಕೆಲವು ಎಲೆಗಳಿಗೆ ಬೇಕೆಂದೇ ಒಳವಾಸಿಗಳನ್ನು ಸೇರಿಸಿ, ಕೆಲವನ್ನು ಖಾಲಿ ಬಿಟ್ಟು, ಆಮೇಲೆ ಎಲ್ಲಕ್ಕೂ ಫೈಟಾಫ್ತೊರಾ ಎಂಬ ಕೊಳೆರೋಗಕಾರಕವನ್ನು ತಗುಲಿಸಿದರು. ಒಳವಾಸಿಗಳಿದ್ದ ಎಲೆಗಳಿಗೆ ಹಾನಿ ಕಡಿಮೆಯಾಯಿತು. 2003ರಲ್ಲಿ ಪ್ರಕಟವಾದ ಈ ಪ್ರಯೋಗ ಬಾಡಿಗೆದಾರರು ಕಾವಲುಗಾರರೂ ಆಗಬಲ್ಲರು ಎಂದು ತೋರಿಸಿತು. ಇನ್ನು ಕೆಲವು ಒಳವಾಸಿಗಳು ಸುಮ್ಮನೆ ಎಲೆ ಉದುರುವುದನ್ನೇ ಕಾಯುತ್ತಿರುತ್ತವೆ, ಉದುರಿದ ಕೂಡಲೇ ಕೊಳೆಸುವ ಕೆಲಸಕ್ಕೆ ಮೊದಲಿಗರಾಗುತ್ತವೆ. ಮರ ಸೊರಗಿದಾಗ ಅದರ ಮೇಲೇ ತಿರುಗಿಬೀಳುವವೂ ಇವೆ.

ಬಳ್ಳಿಯ ಔಷಧ ನಿಜಕ್ಕೂ ಶಿಲೀಂಧ್ರದ್ದೇ ಆಗಿದ್ದ ಪ್ರಸಂಗ

ಗಿಡದ್ದೆಂದು ನಂಬಿದ ಗುಣ ಅದರ ಜೊತೆಗಿರುವ ಶಿಲೀಂಧ್ರದ್ದಾಗಿರಲು ಸಾಧ್ಯವೇ? ಒಂದು ಬಳ್ಳಿಯ ವಿಷಯದಲ್ಲಿ ಇದು ಸಾಬೀತಾಗಿದೆ.

ಮೆಕ್ಸಿಕೋದ ಮೂಲನಿವಾಸಿಗಳು ಪೂಜೆಯಲ್ಲಿ ಬಳಸುತ್ತಿದ್ದ ಒಂದು ಬಳ್ಳಿಯ ಬೀಜದಲ್ಲಿ ಎರ್ಗಾಟ್ ಗುಂಪಿನ ಆಲ್ಕಲಾಯ್ಡುಗಳಿವೆ ಎಂದು ಸ್ವಿಟ್ಜರ್ಲೆಂಡಿನ ರಸಾಯನವಿಜ್ಞಾನಿ ಆಲ್ಬರ್ಟ್ ಹಾಫ್‌ಮನ್ 1960ರಲ್ಲಿ ಹೇಳಿದಾಗ ಅನೇಕರು ನಂಬಲಿಲ್ಲ. ಎರ್ಗಾಟ್ ಎಂದರೆ ಸಜ್ಜೆ, ರೈ ತೆನೆಗಳಿಗೆ ತಗುಲುವ ಶಿಲೀಂಧ್ರದ ವಿಷ, ಅದು ಹೂಬಳ್ಳಿಯಲ್ಲಿ ಹೇಗೆ ಬಂತು? ಹಾಫ್‌ಮನ್‌ನ ಪ್ರಯೋಗಾಲಯದ ಕೊಳೆ ಬೀಜಕ್ಕೆ ಸೇರಿರಬೇಕು ಎಂದವರೂ ಇದ್ದರು. ದಶಕಗಳ ನಂತರ ಜರ್ಮನಿಯ ಬಾನ್ ವಿಶ್ವವಿದ್ಯಾಲಯದವರು ಅದೇ ಕುಟುಂಬದ ಬಳ್ಳಿಗೆ ಶಿಲೀಂಧ್ರನಾಶಕ ಹಾಕಿ ನೋಡಿದರು. ಶಿಲೀಂಧ್ರವೂ ಹೋಯಿತು, ಜೊತೆಗೆ ಆಲ್ಕಲಾಯ್ಡೂ ಹೋಯಿತು. ಎಲೆಯ ಎಣ್ಣೆಗ್ರಂಥಿಗಳಿಗೆ ಅಂಟಿಕೊಂಡು, ಬೀಜದ ಮೂಲಕ ಮುಂದಿನ ಪೀಳಿಗೆಗೆ ಸಾಗುವ ಈ ಶಿಲೀಂಧ್ರಕ್ಕೆ 2011ರಲ್ಲಿ ಪೆರಿಗ್ಲಾಂಡುಲಾ ಎಂದು ಹೆಸರಿಟ್ಟರು. ಮನೆಯಂಗಳದಲ್ಲಿ ಅಂದಕ್ಕೆ ಬೆಳೆಸುವ ನೀಲಿ ಮಾರ್ನಿಂಗ್ ಗ್ಲೋರಿ ಬಳ್ಳಿಯಲ್ಲಿ ಇದೇ ಬಳಗದ ಹೊಸ ಜಾತಿಯೊಂದನ್ನು ಅಮೆರಿಕದ ವೆಸ್ಟ್ ವರ್ಜೀನಿಯಾ ವಿಶ್ವವಿದ್ಯಾಲಯದ ವಿದ್ಯಾರ್ಥಿನಿಯೊಬ್ಬರು ಗುರುತಿಸಿದ್ದು 2025ರಲ್ಲಿ ಸುದ್ದಿಯಾಯಿತು.

ಈ ಪ್ರಸಂಗದಲ್ಲಿ ಶಿಲೀಂಧ್ರ ಬಂದದ್ದು ತಾಯಿಬಳ್ಳಿಯಿಂದ, ಅದು ಹಬ್ಬಿದ ಮರದಿಂದಲ್ಲ. ನಮ್ಮ ಪ್ರಶ್ನೆಗೆ ಈ ವ್ಯತ್ಯಾಸ ಮುಖ್ಯ.

ಬೇವಿನಲ್ಲಿ ಯಾರಿದ್ದಾರೆ, ಅಮೃತಬಳ್ಳಿಯಲ್ಲಿ ಯಾರಿದ್ದಾರೆ?

ಅದೃಷ್ಟಕ್ಕೆ ಎರಡೂ ಗಿಡಗಳ ಒಳವಾಸಿಗಳ ಪಟ್ಟಿಯನ್ನು ಬನಾರಸ್ ಹಿಂದೂ ವಿಶ್ವವಿದ್ಯಾಲಯದ ಆರ್.ಎನ್. ಖರ್ವಾರ್ ಅವರ ತಂಡದವರು ಮಾಡಿದ್ದಾರೆ, ಅದೂ ವಾರಾಣಸಿಯ ಸುತ್ತಮುತ್ತಲಿನ ಗಿಡಗಳಿಂದಲೇ. ಬೇವಿನ ತೊಗಟೆ, ಕಾಂಡ, ಎಲೆಗಳಿಂದ 2007ರ ಅಧ್ಯಯನದಲ್ಲಿ 233 ಶಿಲೀಂಧ್ರ ಮಾದರಿಗಳು ಸಿಕ್ಕವು, ಅವು 18 ಬಗೆಗಳಿಗೆ ಸೇರಿದ್ದವು. ಅಮೃತಬಳ್ಳಿಯ 2012ರ ಅಧ್ಯಯನದಲ್ಲಿ 1,151 ಮಾದರಿಗಳು, 29 ಬಗೆಗಳು. ಬಳ್ಳಿ ಯಾವ ಜಾಗದ್ದು ಎಂಬುದಕ್ಕಿಂತ ಯಾವ ಋತುವಿನದು, ಎಲೆಯೋ ಕಾಂಡವೋ ಬೇರೋ ಎಂಬುದೇ ಒಳವಾಸಿಗಳನ್ನು ಹೆಚ್ಚು ನಿರ್ಧರಿಸುತ್ತಿತ್ತು. ಮಳೆಗಾಲದಲ್ಲಿ ಅತಿ ಹೆಚ್ಚು, ಬೇಸಿಗೆಯಲ್ಲಿ ಅತಿ ಕಡಿಮೆ. ಭಾಗಗಳಲ್ಲಿ ಎಲೆಗೆ ಮೊದಲ ಸ್ಥಾನ, ಬೇರಿಗೆ ಕೊನೆಯದು.

ಎರಡು ಪಟ್ಟಿಗಳನ್ನು ಪಕ್ಕಪಕ್ಕ ಇಟ್ಟು ನೋಡಿದೆವು. ಬೇವಿನಲ್ಲಿ ಮುಂದಿದ್ದವು ಫೋಮಾಪ್ಸಿಸ್, ಕ್ಲಾಡೋಸ್ಪೋರಿಯಂ, ಪೆಸ್ಟಲೋಷಿಯಾಪ್ಸಿಸ್, ಟ್ರೈಕೋಡರ್ಮಾ, ಆಸ್ಪರ್‌ಜಿಲಸ್. ಅಮೃತಬಳ್ಳಿಯಲ್ಲಿ ಪೆನಿಸಿಲಿಯಂ, ಕೊಲೆಟೋಟ್ರೈಕಂ, ಕ್ಲಾಡೋಸ್ಪೋರಿಯಂ, ಕೀಟೋಮಿಯಂ, ಕರ್ವುಲೇರಿಯಾ, ಆಲ್ಟರ್‌ನೇರಿಯಾ. ಎರಡರಲ್ಲೂ ಮುಂಚೂಣಿಯಲ್ಲಿರುವುದು ಕ್ಲಾಡೋಸ್ಪೋರಿಯಂ ಒಂದೇ. ಅದಾದರೂ ಎಂಥದು? ಜಗತ್ತಿನ ಎಲ್ಲ ಕಡೆ ಗಾಳಿಯಲ್ಲಿ ತೇಲುವ, ಒದ್ದೆ ಗೋಡೆಯ ಮೇಲೂ ಕಪ್ಪಗೆ ಕಟ್ಟುವ ಸರ್ವಾಂತರ್ಯಾಮಿ. ಹೆಸರು ಒಂದಾದ ಮಾತ್ರಕ್ಕೆ ತಳಿ ಒಂದೇ ಎಂದೂ ಅಲ್ಲ.

ಹಾಗೆಂದು ಮರ, ಬಳ್ಳಿಗಳ ನಡುವೆ ಏನೂ ದಾಟುವುದೇ ಇಲ್ಲ ಎನ್ನಲಾಗದು. ಬೇವಿನ ಎಲೆಯಿಂದ ತೊಟ್ಟಿಕ್ಕಿದ ಮಳೆನೀರು ಬಳ್ಳಿಯ ಎಲೆಯ ಮೇಲೆ ಬೀಳುತ್ತದೆ, ಆ ಹನಿಯಲ್ಲಿ ಬೀಜಕಣಗಳಿರುತ್ತವೆ. ಬುಡದಲ್ಲಿ ಕೊಳೆಯುವ ಬೇವಿನ ತರಗೆಲೆಯಿಂದಲೂ ಕಣಗಳು ಹಾರುತ್ತವೆ. ಚೆನ್ನೈನ ಟಿ.ಎಸ್. ಸೂರ್ಯನಾರಾಯಣನ್ ಮತ್ತು ಸಂಗಡಿಗರು, ಒಂದಕ್ಕೊಂದು ಸಂಬಂಧವೇ ಇಲ್ಲದ ಹಲವು ಮರಗಳ ಎಲೆಗಳಲ್ಲಿ ಫಿಲೋಸ್ಟಿಕ್ಟಾ ಎಂಬ ಒಳವಾಸಿಯ ಒಂದೇ ಜಾತಿ ಇರುವುದನ್ನು 2003ರಲ್ಲಿ ಡಿಎನ್‌ಎ ಪರೀಕ್ಷೆಯಿಂದ ತೋರಿಸಿದ್ದಾರೆ. ಆದ್ದರಿಂದ ನೆರೆಹೊರೆಯ ಗಿಡಗಳು ಕೆಲವು ಬಾಡಿಗೆದಾರರನ್ನು ಹಂಚಿಕೊಳ್ಳುವುದು ಸಹಜ. ಆದರೆ ಹೀಗೆ ಯಾರ ಮನೆಗೂ ಹೋಗುವವರು ಯಾವ ಮನೆಯ ಗುಟ್ಟನ್ನೂ ಹೊತ್ತು ತರುವವರಲ್ಲ.

ಕರ್ನಾಟಕದಲ್ಲೂ ಈ ಕೆಲಸ ನಡೆದಿದೆ. ನದೀತೀರದ ಹೊಳೆಮತ್ತಿ ಮರದ ಒಳತೊಗಟೆ ಮತ್ತು ರೆಂಬೆಗಳ ಶಿಲೀಂಧ್ರಗಳನ್ನು ಮೈಸೂರು ವಿಶ್ವವಿದ್ಯಾಲಯದ ತಂಡ 2005ರಲ್ಲಿ ಪ್ರಕಟಿಸಿತು. ಔಷಧೀಯ ಗಿಡಗಳ ಒಳವಾಸಿಗಳ ಮೇಲೆ ಶಿವಮೊಗ್ಗದ ಕುವೆಂಪು ವಿಶ್ವವಿದ್ಯಾಲಯವೂ ಅಧ್ಯಯನ ಮಾಡಿದೆ.

ಬೇವಿನ ಶಿಲೀಂಧ್ರ ಬಳ್ಳಿಗೆ ಬಂದು ಬೇವಿನ ಔಷಧ ಮಾಡಿದರೆ?

ಇದು ಓದುಗರು ಕೇಳಬಹುದಾದ ಜಾಣ ಪ್ರಶ್ನೆ. ಬೇವಿನಿಂದ ತೆಗೆದ ಯೂಪೆನಿಸಿಲಿಯಂ ಎಂಬ ಒಳವಾಸಿ ಪ್ರಯೋಗಾಲಯದಲ್ಲಿ ತಾನೇ ಅಜಾಡಿರಾಕ್ಟಿನ್ ತಯಾರಿಸಿತು ಎಂದು 2012ರಲ್ಲಿ ವರದಿಯಾಗಿದೆ. ಅಜಾಡಿರಾಕ್ಟಿನ್ ಎಂದರೆ ಕೀಟಗಳು ಬೇವನ್ನು ಮುಟ್ಟದಂತೆ ಮಾಡುವ ವಸ್ತು. ಯೂ ಮರದ ಕ್ಯಾನ್ಸರ್ ಔಷಧ ಟ್ಯಾಕ್ಸಾಲನ್ನು ಅದರ ಒಳವಾಸಿಯೂ ಮಾಡುತ್ತದೆ ಎಂಬ 1993ರ ವರದಿಯಿಂದ ಇಂಥ ಹುಡುಕಾಟಕ್ಕೆ ದೊಡ್ಡ ಹುರುಪು ಬಂದಿತ್ತು.

ಆದರೆ ಹುರುಪು ಅರ್ಧಕ್ಕೆ ಇಳಿದಿದೆ. ಟ್ಯಾಕ್ಸಾಲ್ ಶಿಲೀಂಧ್ರವನ್ನು 2013ರಲ್ಲಿ ಮತ್ತೆ ಪರೀಕ್ಷಿಸಿದವರಿಗೆ ಆ ಔಷಧ ಮಾಡಲು ಬೇಕಾದ ಜೀನುಗಳೇ ಅದರಲ್ಲಿ ಕಾಣಲಿಲ್ಲ. ಪಶ್ಚಿಮಘಟ್ಟದ ದುರ್ವಾಸನೆ ಮರದಿಂದ ಕ್ಯಾಂಪ್ಟೊಥೆಸಿನ್ ಎಂಬ ಕ್ಯಾನ್ಸರ್ ಔಷಧ ಸಿಗುತ್ತದೆ. ಅದರ ಒಳವಾಸಿಗಳನ್ನು ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದವರು ಬೆಳೆಸಿ ನೋಡಿದಾಗ, ಒಂದು ತಟ್ಟೆಯಿಂದ ಇನ್ನೊಂದಕ್ಕೆ ಬದಲಿಸುತ್ತ ಹೋದಂತೆ ಔಷಧದ ಪ್ರಮಾಣ ಕುಗ್ಗುತ್ತ ಹೋಯಿತು. ತವರು ಮರದಿಂದ ಹೊರಬಂದ ಶಿಲೀಂಧ್ರ ಆ ಗುಣವನ್ನು ಉಳಿಸಿಕೊಳ್ಳಲಿಲ್ಲ. ಇನ್ನು ಬೇವಿನಿಂದ ಅಮೃತಬಳ್ಳಿಗೆ ಹಾರಿದ ಒಂದೆರಡು ಕಣಗಳು ಅಲ್ಲಿ ಬೇವಿನ ಸಾರವನ್ನು, ಕಷಾಯದಲ್ಲಿ ಲೆಕ್ಕಕ್ಕೆ ಬರುವಷ್ಟು ತಯಾರಿಸುತ್ತವೆ ಎನ್ನಲು ಆಧಾರವಿಲ್ಲ.

ಅಮೃತಬಳ್ಳಿಯ ರಾಸಾಯನಿಕಗಳು ಗಿಡದಿಂದ ಗಿಡಕ್ಕೆ ಬದಲಾಗುವುದು ನಿಜ. ಅದರಲ್ಲಿ ಗಂಡು ಬಳ್ಳಿ, ಹೆಣ್ಣು ಬಳ್ಳಿ ಬೇರೆ ಬೇರೆ, ಅವುಗಳ ನಡುವೆಯೇ ವ್ಯತ್ಯಾಸವಿದೆ. ಕಡಿದ ತಿಂಗಳೂ ಲೆಕ್ಕಕ್ಕೆ ಬರುತ್ತದೆ. ಇಷ್ಟೆಲ್ಲ ಬಿಟ್ಟು ಬರೀ 'ಬೇವಿನ ಮೇಲಿನದು' ಎಂಬ ಹೆಸರಿಗೆ ಹೆಚ್ಚು ದುಡ್ಡು ಕೊಡುವುದು ನಮಗಂತೂ ಸರಿ ಕಾಣುವುದಿಲ್ಲ.

ಕಷಾಯ ಕುಡಿಯುವವರಿಗೆ

ಒಳಗೆ ಶಿಲೀಂಧ್ರವಿದೆ ಎಂದು ಹೆದರಬೇಕಿಲ್ಲ. ಊಟದ ನಂತರ ಹಾಕುವ ವೀಳ್ಯದೆಲೆಯಲ್ಲಿ, ಕೊತ್ತಂಬರಿಯಲ್ಲಿ, ನುಗ್ಗೆಸೊಪ್ಪಿನಲ್ಲೂ ಒಳವಾಸಿಗಳಿವೆ. ಕುದಿಸಿದರೆ ಅವು ಸಾಯುತ್ತವೆ. ಎಚ್ಚರ ಬೇಕಾದದ್ದು ಬಳ್ಳಿಯನ್ನು ಕಡಿದ ಮೇಲೆ. ಬದುಕಿದ್ದ ಕಾಂಡ ಅವುಗಳನ್ನು ಹದ್ದಿನಲ್ಲಿ ಇಟ್ಟಿರುತ್ತದೆ, ಕಡಿದ ಮೇಲೆ ಆ ಹದ್ದು ಇರುವುದಿಲ್ಲ. ಅಮೃತಬಳ್ಳಿಯ ಕಾಂಡದಲ್ಲಿ ನೀರಿನಂಶ ಹೆಚ್ಚು. ದಪ್ಪ ತುಂಡುಗಳನ್ನು ಅರೆಬರೆ ಒಣಗಿಸಿ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಟ್ಟರೆ ಬೂಷ್ಟು ಹಿಡಿಯುತ್ತದೆ. ಪೆನಿಸಿಲಿಯಂ, ಆಸ್ಪರ್‌ಜಿಲಸ್ ಬಳಗದ ಕೆಲವು ಜಾತಿಗಳು ಮಾಡುವ ವಿಷಗಳು ಕುದಿಸಿದರೂ ಹೋಗುವುದಿಲ್ಲ. ಆದ್ದರಿಂದ ತೆಳ್ಳಗೆ ಸೀಳಿ, ಗಾಳಿಯಾಡುವಲ್ಲಿ ಪೂರ್ತಿ ಒಣಗಿಸಬೇಕು. ಮುರಿದರೆ ಲಟಕ್ಕನೆ ಮುರಿಯಬೇಕು. ಬೂಷ್ಟಿನ ವಾಸನೆ ಬಂದರೆ ತಿಪ್ಪೆಗೆ ಹಾಕಿ.

ಇದಕ್ಕಿಂತ ಗಂಭೀರವಾದ ವಿಷಯ ಯಕೃತ್ತಿನದು. ಕೋವಿಡ್ ಕಾಲದಲ್ಲಿ ರೋಗನಿರೋಧಕ ಶಕ್ತಿ ಹೆಚ್ಚಲಿ ಎಂದು ಲಕ್ಷಾಂತರ ಜನ ದಿನವೂ ಅಮೃತಬಳ್ಳಿ ಕುಡಿದರು. ಹಾಗೆ ಕುಡಿದ ಆರು ಮಂದಿಗೆ 2020ರ ಸೆಪ್ಟೆಂಬರ್‌ನಿಂದ ಡಿಸೆಂಬರ್‌ವರೆಗಿನ ನಾಲ್ಕು ತಿಂಗಳಲ್ಲಿ ಯಕೃತ್ತಿನ ಉರಿಯೂತವಾದದ್ದನ್ನು ಮುಂಬೈನ ವೈದ್ಯರು 2021ರಲ್ಲಿ ವರದಿ ಮಾಡಿದರು. ಮರುವರ್ಷ ದೇಶದ 13 ಆಸ್ಪತ್ರೆಗಳಿಂದ 43 ರೋಗಿಗಳ ವಿವರ ಪ್ರಕಟವಾಯಿತು. ಕುಡಿಯಲು ಶುರುಮಾಡಿ ಲಕ್ಷಣ ಕಾಣುವ ಹೊತ್ತಿಗೆ ಹಿಡಿದ ಮಧ್ಯಾಂಕ ಅವಧಿ 46 ದಿನ. ಅವರಲ್ಲಿ ಹಲವರಿಗೆ ಮೊದಲೇ ಯಕೃತ್ತಿನ ಕಾಯಿಲೆ ಇತ್ತು, ಕೆಲವರಿಗೆ ಅದು ಇದ್ದದ್ದೇ ಗೊತ್ತಿರಲಿಲ್ಲ. ಆಯುಷ್ ಸಚಿವಾಲಯ ಇದನ್ನು ಒಪ್ಪಲಿಲ್ಲ, ಅಮೃತಬಳ್ಳಿ ಸುರಕ್ಷಿತ, ಅದನ್ನೇ ಹೋಲುವ ಟಿನೊಸ್ಪೋರಾ ಕ್ರಿಸ್ಪಾ ಎಂಬ ಬೇರೆ ಬಳ್ಳಿಯ ಗೊಂದಲವಿರಬಹುದು ಎಂದಿತು. ವಾದ ಏನೇ ಇರಲಿ, ಬೇವಿನ ಮೇಲೆ ಬೆಳೆದ ಬಳ್ಳಿ ಎಂಬುದು ಈ ಅಪಾಯದಿಂದ ರಕ್ಷಣೆ ಕೊಡುವುದಿಲ್ಲ. ಥೈರಾಯ್ಡ್, ಸಂಧಿವಾತದಂಥ ಸ್ವಯಂನಿರೋಧಕ ಕಾಯಿಲೆ ಇರುವವರು, ಯಕೃತ್ತಿನ ತೊಂದರೆ ಇರುವವರು ವೈದ್ಯರನ್ನು ಕೇಳದೆ ಕುಡಿಯಬಾರದು. ಯಾರೇ ಆಗಲಿ, ವಾರಗಟ್ಟಲೆ ಕುಡಿಯುತ್ತಿದ್ದು ಕಣ್ಣು ಹಳದಿಯಾದರೆ, ಮೂತ್ರ ಚಹಾದ ಬಣ್ಣಕ್ಕೆ ತಿರುಗಿದರೆ, ಊಟ ಸೇರದಿದ್ದರೆ ತಕ್ಷಣ ನಿಲ್ಲಿಸಿ ಆಸ್ಪತ್ರೆಗೆ ಹೋಗಬೇಕು. ಬಳ್ಳಿ ಕುಡಿಯುತ್ತಿದ್ದದ್ದನ್ನು ವೈದ್ಯರಿಗೆ ಮುಚ್ಚಿಡಬಾರದು.

ಹಾಗಾದರೆ ಬೇವು ಒಣಗುವುದೇಕೆ?

ಮಳೆಗಾಲ ಶುರುವಾದ ಮೇಲೆ ಬೇವಿನ ರೆಂಬೆಗಳು ತುದಿಯಿಂದ ಕಂದಾಗಿ, ಸುಟ್ಟಂತೆ ಒಣಗುವುದನ್ನು ಎಷ್ಟೋ ಊರುಗಳಲ್ಲಿ ನೋಡಬಹುದು. ಇದು ಶಿಲೀಂಧ್ರದ ಕೆಲಸ, ಬಳ್ಳಿಯದಲ್ಲ. ರೋಗಕಾರಕ ಫೋಮಾಪ್ಸಿಸ್ ಅಜಾಡಿರಾಕ್ಟೇ ಎಂಬುದನ್ನು 1997ರಲ್ಲಿ ವಿವರಿಸಿ ಹೆಸರಿಟ್ಟರು. ಮೈಸೂರು ವಿಶ್ವವಿದ್ಯಾಲಯದ ಎಸ್. ಶಂಕರ ಭಟ್, ಕೆ. ಗಿರೀಶ್ ಮೊದಲಾದವರು ಅದರ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದ್ದಾರೆ. ಈ ಶಿಲೀಂಧ್ರ ಬೀಜದಲ್ಲೂ ಸಾಗುತ್ತದೆ. ರೋಗ ಜೋರಾದ ಮರದಲ್ಲಿ ಹೂಗೊಂಚಲು ಉಳಿಯದೆ ಬೇವಿನಬೀಜದ ಫಸಲೇ ಕೈತಪ್ಪುತ್ತದೆ. 2021ರ ಸುಮಾರಿಗೆ ತೆಲಂಗಾಣದಲ್ಲಿ ಇದು ದೊಡ್ಡ ಸುದ್ದಿಯಾಗಿತ್ತು.

ಮೇಲೆ ಹೇಳಿದ ಪಟ್ಟಿಯನ್ನು ನೆನಪಿಸಿಕೊಳ್ಳಿ. ಆರೋಗ್ಯವಂತ ಬೇವಿನೊಳಗಿನ ಮುಖ್ಯ ಒಳವಾಸಿಯೂ ಒಂದು ಫೋಮಾಪ್ಸಿಸ್ಸೇ, ಆದರೆ ಬೇರೆ ಜಾತಿ. ಒಂದೇ ಬಳಗದಲ್ಲಿ ಸುಮ್ಮನೆ ಇರುವವನೂ ಇದ್ದಾನೆ, ಮನೆಗೆ ಬೆಂಕಿಯಿಡುವವನೂ ಇದ್ದಾನೆ.

ಬಳ್ಳಿಯೋ ರೋಗವೋ ಎಂದು ಗುರುತಿಸುವುದು ಕಷ್ಟವಲ್ಲ. ಬಳ್ಳಿಯೇ ಇಲ್ಲದ ಅಕ್ಕಪಕ್ಕದ ಬೇವುಗಳೂ ಅದೇ ತಿಂಗಳಲ್ಲಿ, ಅದೇ ರೀತಿ ತುದಿಯಿಂದ ಒಣಗಿದ್ದರೆ ಅದು ರೋಗ. ಬಳ್ಳಿ ನೆತ್ತಿಯನ್ನೆಲ್ಲ ಮುಚ್ಚಿ ಬಿಸಿಲಿಗೆ ಅಡ್ಡಬಂದು, ಅದರ ಕೆಳಗಿನ ಕೊಂಬೆಗಳಷ್ಟೇ ಸೊರಗಿದ್ದರೆ ಅಲ್ಲಿ ಬಳ್ಳಿಯ ಪಾಲಿದೆ. ಎಳೆಯ ಬೇವಿಗೆ ಬಳ್ಳಿಯ ಭಾರ, ನೆರಳು ಎರಡೂ ಹೊರೆಯೇ, ಅಲ್ಲಿ ಸವರುವುದು ಒಳ್ಳೆಯದು. ದೊಡ್ಡ ಮರಕ್ಕೆ ಅದು ಲೆಕ್ಕಕ್ಕಿಲ್ಲ.

ರೋಗ ಬಂದ ದೊಡ್ಡ ಬೇವನ್ನು ಕಡಿಯುವ ಅವಸರ ಬೇಡ. ಸಾಮಾನ್ಯವಾಗಿ ಬೇಸಿಗೆಯ ಹೊತ್ತಿಗೆ ಅದು ಮತ್ತೆ ಚಿಗುರುತ್ತದೆ. ಕೈಗೆ ಸಿಗುವ ಒಣ ರೆಂಬೆಗಳನ್ನು ಹಸಿರು ಭಾಗ ಸೇರಿಸಿ ಕತ್ತರಿಸಿ ಸುಡಬಹುದು. ಅಂಥ ಮರದ ಬೀಜವನ್ನು ಸಸಿ ಮಾಡಲು ಬಳಸದಿರುವುದು ಲೇಸು. ಸಸಿಗಳಿಗೆ ಶಿಲೀಂಧ್ರನಾಶಕ ಹೊಡೆಯುವುದಾದರೆ ಕೃಷಿ ಅಥವಾ ಅರಣ್ಯ ಇಲಾಖೆಯವರನ್ನು ಕೇಳಿ ಹೊಡೆಯಿರಿ. ಔಷಧಿ ಹೊಡೆದ ಮರದ ಮೇಲಿನ ಅಮೃತಬಳ್ಳಿಯನ್ನು ಆ ವರ್ಷ ಕಷಾಯಕ್ಕೆ ಮುಟ್ಟಬೇಡಿ.